ದೂರದ ಹಕ್ಕಿ, ಕೈಗೆಟುಕುವ ಲೆನ್ಸ್



ಹಕ್ಕಿಗಳ, ಕಾಡುಪ್ರಾಣಿಗಳ ಚಿತ್ರ ತೆಗೆಯುವ ಆಸೆ ಹುಟ್ಟಿದವರೆಲ್ಲ ಮೊದಲು ಕೇಳುವ ಪ್ರಶ್ನೆ ‘ಯಾವ ಲೆನ್ಸ್ ಕೊಳ್ಳಲಿ?’ ಎಂಬುದು. ಕ್ಯಾಮೆರಾ ಹೇಗೋ ಒದಗಿರುತ್ತದೆ, ಅಣ್ಣನದೋ, ಚಿಕ್ಕಪ್ಪನದೋ. ಅದರ ಜೊತೆ ಬಂದ ಪುಟ್ಟ ಲೆನ್ಸಿನಲ್ಲಿ ಕೆರೆಯಾಚೆಯ ಮಿಂಚುಳ್ಳಿ ಬರೀ ಒಂದು ನೀಲಿ ಚುಕ್ಕೆ. ವೃತ್ತಿನಿರತರ ದೊಡ್ಡ ಲೆನ್ಸುಗಳ ಬೆಲೆಯೋ ಹಲವು ಲಕ್ಷ ರೂಪಾಯಿ. ಮನೆಯವರು ಹೊಂದಿಸಿ ಕೊಡುವ ಹಣ ಪದೇ ಪದೇ ಸಿಗುವಂಥದ್ದಲ್ಲ. ಅದು ವ್ಯರ್ಥವಾಗಬಾರದು ಎಂದಾದರೆ ಅಂಗಡಿಗೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ ಮಾಡಬೇಕು.

ಮಸೂರದ ಸಂಗಮ ದೂರವನ್ನು ವಸ್ತುವಿನ ದೂರದಿಂದ ಭಾಗಿಸಿ. ಬಂದ ಉತ್ತರವನ್ನು ವಸ್ತುವಿನ ಗಾತ್ರದಿಂದ ಗುಣಿಸಿ. ವಸ್ತು ಸಾಕಷ್ಟು ದೂರವಿದ್ದಾಗ ಕ್ಯಾಮೆರಾದ ಒಳಗೆ ಬೀಳುವ ಬಿಂಬದ ಗಾತ್ರ ಹೆಚ್ಚುಕಡಿಮೆ ಅಷ್ಟೇ. ನಮ್ಮ ಗದ್ದೆ ಬಯಲಿನ ಮಿಂಚುಳ್ಳಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 28 ಸೆಂಟಿಮೀಟರ್. ಅದು 20 ಮೀಟರ್ ದೂರದಲ್ಲಿ ಕೂತಿದೆ, ನಿಮ್ಮ ಲೆನ್ಸ್ 300 ಮಿಲಿಮೀಟರಿನದು ಎನ್ನೋಣ. ಬಿಂಬದ ಉದ್ದ 4.2 ಮಿಲಿಮೀಟರ್. ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ ಸುಮಾರು 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ ಇರುತ್ತದೆ. ಹಕ್ಕಿ ಚಿಕ್ಕದಾಯಿತು ಎನಿಸಬಹುದು. ಆದರೆ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಆ 4.2 ಮಿಲಿಮೀಟರಿನೊಳಗೆ ಸಾವಿರಕ್ಕೂ ಹೆಚ್ಚು ಚಿತ್ರಬಿಂದುಗಳು ಸಾಲಾಗಿ ಕೂರುತ್ತವೆ. ಸುತ್ತಲಿನ ಭಾಗ ಕತ್ತರಿಸಿ ಮುದ್ರಿಸಿದರೆ ಹಕ್ಕಿ 9 ಸೆಂಟಿಮೀಟರ್ ಉದ್ದ ಸ್ಪಷ್ಟವಾಗಿ ಮೂಡುತ್ತದೆ.

ಇದೇ ಬಿಂಬ ಎರಡರಷ್ಟಾಗಬೇಕಾದರೆ ದಾರಿ ಎರಡು. 600 ಮಿಲಿಮೀಟರಿನ ಲೆನ್ಸ್ ಕೊಳ್ಳುವುದು ಒಂದು. ಹಕ್ಕಿಗೆ 10 ಮೀಟರಿನಷ್ಟು ಹತ್ತಿರವಾಗುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ತಾಳ್ಮೆ ಬೇಕು.

ಇನ್ನು ಬೆಳಕಿನ ವಿಚಾರ. ಲೆನ್ಸಿನ ಮೇಲೆ ‘ಎಫ್ 5.6’ ಎಂಬಂಥ ಸಂಖ್ಯೆ ಇರುತ್ತದೆ. ಸಂಗಮ ದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 300 ಮಿಲಿಮೀಟರ್, ಎಫ್ 5.6 ಆದರೆ ಸುಮಾರು 54 ಮಿಲಿಮೀಟರ್, ಎಫ್ 2.8 ಆದರೆ 107. ವ್ಯಾಸ ಎರಡರಷ್ಟಾದರೆ ಗಾಜಿನ ವಿಸ್ತೀರ್ಣ ನಾಲ್ಕರಷ್ಟು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಉಜ್ಜಿ ನಯಗೊಳಿಸುವುದು ಕಷ್ಟದ ಕೆಲಸ. ಬೆಲೆ ಏರುವುದು ಅಲ್ಲಿಯೇ. ಕಡಿಮೆ ಬೆಲೆಯ ಜೂಮ್ ಲೆನ್ಸುಗಳು ಪೂರ್ತಿ ಚಾಚಿದಾಗ ಎಫ್ 5.6 ಅಥವಾ 6.3ಕ್ಕೆ ನಿಲ್ಲುತ್ತವೆ. ಎಫ್ 2.8ರ ಲೆನ್ಸಿನಲ್ಲಿ ಸೆಕೆಂಡಿನ 1/800 ಭಾಗದಲ್ಲಿ ತೆಗೆಯಬಹುದಾದ ಚಿತ್ರಕ್ಕೆ ಎಫ್ 5.6ರಲ್ಲಿ 1/200 ಬೇಕು. ಅಷ್ಟರಲ್ಲಿ ಹಕ್ಕಿ ಕತ್ತು ಕೊಂಕಿಸಿರುತ್ತದೆ, ಚಿತ್ರ ಮಸುಕಾಗುತ್ತದೆ.

ಫಿಲ್ಮ್ ಬಳಸುತ್ತಿದ್ದ ಕಾಲದಲ್ಲಿ ಈ ತೊಡಕಿಗೆ ಸುಲಭದ ಪರಿಹಾರ ಇರಲಿಲ್ಲ. ಕ್ಯಾಮೆರಾದಲ್ಲಿ ಹಾಕಿದ ರೋಲಿನ ವೇಗವೇ ಗತಿ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಓ ಸಂಖ್ಯೆಯನ್ನು 400ರಿಂದ 1600ಕ್ಕೆ ಏರಿಸಿದರೆ ಅದೇ 1/800 ಮತ್ತೆ ಕೈಗೆ ಸಿಗುತ್ತದೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣಬಹುದು, ಅಷ್ಟೆ. ಸಾಧಾರಣ ಲೆನ್ಸಿನಿಂದಲೂ ಒಳ್ಳೆಯ ಚಿತ್ರ ಸಾಧ್ಯವಾಗಿರುವುದಕ್ಕೆ ಇದೇ ದೊಡ್ಡ ಕಾರಣ.

ಮೂರನೆಯದು ಕೈನಡುಕ. ಲೆನ್ಸ್ ಬಿಂಬವನ್ನು ಹಿಗ್ಗಿಸಿದಂತೆ ನಡುಕವನ್ನೂ ಹಿಗ್ಗಿಸುತ್ತದೆ. ಆದ್ದರಿಂದ ಲೆನ್ಸಿನಲ್ಲಿ ಕಂಪನ ನಿಯಂತ್ರಣ ಇದೆಯೇ ಎಂದು ನೋಡಲೇಬೇಕು. ಇದನ್ನು ಕ್ಯಾನನ್‌ನವರು ಐಎಸ್ ಎಂದೂ, ನಿಕಾನ್‌ನವರು ವಿಆರ್ ಎಂದೂ, ಟ್ಯಾಮ್ರಾನ್‌ನವರು ವಿಸಿ ಎಂದೂ, ಸಿಗ್ಮಾದವರು ಓಎಸ್ ಎಂದೂ ಬರೆಯುತ್ತಾರೆ. 70–300 ಎಂಬ ಒಂದೇ ಅಳತೆಯಲ್ಲಿ ಈ ಸೌಲಭ್ಯ ಇರುವ ಲೆನ್ಸೂ ಉಂಟು, ಇಲ್ಲದ್ದೂ ಉಂಟು. ಬೆಲೆ ಕಡಿಮೆಯೆಂದು ಇಲ್ಲದ್ದನ್ನು ತಂದರೆ ಉಳಿತಾಯ ನಷ್ಟವಾಗುತ್ತದೆ. ಆದರೆ ಇದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಹಕ್ಕಿಯ ಚಲನೆಯನ್ನಲ್ಲ. ಗಟ್ಟಿ ಬಟ್ಟೆಯ ಚೀಲಕ್ಕೆ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿ ಹೊಲಿದು, ಜೀಪಿನ ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿ. ಇದಕ್ಕಿಂತ ಅಗ್ಗದ ಆಧಾರ ಬೇರೊಂದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲ ಮೆಟ್ಟಿಲು 55–250 ಅಥವಾ 70–300ರ ವರ್ಗ. ಹಗುರ, ಕುತ್ತಿಗೆಗೆ ಹಾಕಿಕೊಂಡು ದಿನವಿಡೀ ನಡೆಯಬಹುದು. ಎರಡನೆಯದು 100–400ರ ವರ್ಗ. 2021ರಲ್ಲಿ ಬಂದ ಕ್ಯಾನನ್ ಆರ್‌ಎಫ್ 100–400ರ ತೂಕ ಕೇವಲ 635 ಗ್ರಾಂ. ಆದರೆ ತುದಿಯಲ್ಲಿ ಅದು ಎಫ್ 8, ದಟ್ಟ ಕಾಡಿನ ನೆರಳಿಗೆ ಒಗ್ಗದು. ಮೂರನೆಯದು ಸಿಗ್ಮಾ ಮತ್ತು ಟ್ಯಾಮ್ರಾನ್‌ರ 150–600, 2015ರ ನಿಕಾನ್ 200–500. ಇವುಗಳ ತೂಕ ಸುಮಾರು 2 ಕಿಲೋ, ಮುಂದಿನ ಗಾಜಿಗೆ 95 ಮಿಲಿಮೀಟರಿನ ಫಿಲ್ಟರ್ ಬೇಕು. ಕಬಿನಿ ಹಿನ್ನೀರಿನ ಆಚೆ ದಡದ ಆನೆಗೆ ಇಂಥದ್ದು ಬೇಕಾದೀತು. ಆದರೆ ಮಧ್ಯಾಹ್ನದ ಬಿಸಿಗಾಳಿ ಅಲೆಅಲೆಯಾಗಿ ಏಳುವಾಗ ದೂರದ ಚಿತ್ರವನ್ನು ಎಷ್ಟೇ ಬೆಲೆಯ ಲೆನ್ಸೂ ಸ್ಪಷ್ಟವಾಗಿ ಹಿಡಿಯಲಾರದು. ರಂಗನತಿಟ್ಟಿನ ದೋಣಿಯಲ್ಲಿ, ಅಥವಾ ಊರ ಮರಗಳಲ್ಲೇ ಹೆಜ್ಜಾರ್ಲೆಗಳು ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿನಲ್ಲಿ 300 ಮಿಲಿಮೀಟರ್ ಧಾರಾಳವಾಗಿ ಸಾಕು.

ಬಳಸಿದ ಲೆನ್ಸ್ ಕೊಳ್ಳುವುದರಲ್ಲಿ ಸಂಕೋಚ ಬೇಡ, ಪರೀಕ್ಷೆ ಮಾತ್ರ ಬೇಕು. ಕತ್ತಲ ಕೋಣೆಯಲ್ಲಿ ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಇದು ಸಾಮಾನ್ಯ. ಅಂಥ ಲೆನ್ಸ್ ಬೇಡ. ನಿಮ್ಮ ಕ್ಯಾಮೆರಾಕ್ಕೇ ತೊಡಿಸಿ ನೋಡಿ. ನಿಕಾನ್‌ನ ಕೆಲವು ಹಳೆಯ ಲೆನ್ಸುಗಳಲ್ಲಿ ಮೋಟಾರ್ ಇಲ್ಲ. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲೂ ಅದಿಲ್ಲ. ಎರಡನ್ನೂ ಜೋಡಿಸಿದರೆ ಫೋಕಸನ್ನು ನೀವೇ ಕೈಯಿಂದ ತಿರುಗಿಸಬೇಕು.

ಕೊನೆಯದಾಗಿ, ಹತ್ತಿರ ಹೋಗುವ ಮಾತು. ಪ್ರತಿ ಪ್ರಾಣಿಯೂ ತಾನಾಗಿ ಬಿಟ್ಟುಕೊಡುವ ಒಂದು ದೂರವಿದೆ. ಅದನ್ನು ದಾಟಿದರೆ ಹಾರುತ್ತದೆ, ಓಡುತ್ತದೆ ಅಥವಾ ಮೇಲೆರಗುತ್ತದೆ. ಗೂಡಿನ ಬಳಿ ನಾವು ಅತಿಯಾಗಿ ಸಮೀಪಿಸಿದರೆ ತಾಯಿ ಹಕ್ಕಿ ಎದ್ದುಹೋಗುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ಈಡಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು ಕಲಕುವುದನ್ನೂ ಬೇಟೆ ಎಂಬ ವ್ಯಾಖ್ಯೆಯಲ್ಲೇ ಸೇರಿಸಿದೆ. ನಮ್ಮಲ್ಲಿ ಹಣವಿಲ್ಲದ್ದಕ್ಕೆ ಹಕ್ಕಿ ಬೆಲೆ ತೆರಬಾರದು. ತಾಳ್ಮೆಯಿಂದ ಹತ್ತಿರವಾಗುವುದೆಂದರೆ ಬೆನ್ನಟ್ಟುವುದಲ್ಲ. ಮರೆಯಲ್ಲಿ ಅಲುಗಾಡದೆ ಕೂತು, ಹಕ್ಕಿ ತಾನಾಗಿ ಬರಲು ಬಿಡುವುದು.

ಆದ್ದರಿಂದ ಹಣ ಕೊಡುವ ಮೊದಲು ಎರಡು ವಾರ ಬೆಳಿಗ್ಗೆ ನಿಮ್ಮೂರ ಕೆರೆಗೆ ಹೋಗಿ. ಕೈಯಲ್ಲಿ ಒಂದು ನೋಟ್‌ಬುಕ್ ಸಾಕು. ಯಾವ ಹಕ್ಕಿ ಎಷ್ಟು ಹೆಜ್ಜೆ ದೂರದವರೆಗೆ ನಿಮ್ಮನ್ನು ಸಹಿಸಿತು ಎಂದು ಬರೆದುಕೊಳ್ಳಿ. ಆ ದೂರವನ್ನು ಮೇಲಿನ ಲೆಕ್ಕದಲ್ಲಿಟ್ಟರೆ ನಿಮಗೆ ಬೇಕಾದ ಲೆನ್ಸ್ ಯಾವುದೆಂದು ತಿಳಿಯುತ್ತದೆ. ಬಹಳಷ್ಟು ಮಂದಿಗೆ ಅದು ತಾವು ಅಂದುಕೊಂಡದ್ದಕ್ಕಿಂತ ಚಿಕ್ಕದೇ ಆಗಿರುತ್ತದೆ.