ಮೂಲಚಿತ್ರವೆಂಬ ಸಾಕ್ಷಿ

ಶಾಸನಗಳನ್ನು ಅಭ್ಯಾಸ ಮಾಡುವವರಲ್ಲಿ 'ಕೂಟಶಾಸನ' ಎಂಬ ಮಾತು ಬಳಕೆಯಲ್ಲಿದೆ. ಅರಸನ ಹೆಸರಿನಲ್ಲಿ ಯಾರೋ ಸೃಷ್ಟಿಸಿದ ಸುಳ್ಳು ದಾನಪತ್ರಕ್ಕೆ ಆ ಹೆಸರು. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ, ಕೂಟಶಾಸನದ ಬಲದಿಂದ ಒಬ್ಬನು ಅನುಭವಿಸುತ್ತಿದ್ದ ಗ್ರಾಮವನ್ನು ಅವನಿಂದ ಬಿಡಿಸಿ ಬೇರೆಯವರಿಗೆ ದತ್ತಿ ಕೊಟ್ಟ ಸಂಗತಿ ಬರುತ್ತದೆ. ನಮ್ಮ ನಾಡಿನ ಗಂಗರ ಹಲವು ತಾಮ್ರಪಟಗಳು ನೈಜವೋ ಕೂಟವೋ ಎಂಬ ಬಗ್ಗೆ ಫ್ಲೀಟ್ ಮತ್ತು ರೈಸ್ ಅವರಂತಹ ವಿದ್ವಾಂಸರಲ್ಲಿ ತೀವ್ರವಾದ ಭಿನ್ನಾಭಿಪ್ರಾಯವಿತ್ತು. ಲಿಪಿಯ ರೂಪ, ಭಾಷೆ, ಕಾಲನಿರ್ದೇಶ ಇವೆಲ್ಲವನ್ನೂ ತೂಗಿ ನೋಡಲು ಅವರಿಗೆ ಸಾಧ್ಯವಾದುದು ಆ ಪಟಗಳು ಉಳಿದುಬಂದುದರಿಂದ. ಮೂಲವೇ ಇಲ್ಲದಿದ್ದರೆ ವಾದವೂ ಇಲ್ಲ, ನಿರ್ಣಯವೂ ಇಲ್ಲ.

ಇಂದು ನಾನು ಮಾತನಾಡಲಿರುವುದು ತಾಮ್ರಪಟಗಳನ್ನು ಕುರಿತಲ್ಲ, ಛಾಯಾಚಿತ್ರಗಳನ್ನು ಕುರಿತು. ಆದರೆ ಪ್ರಶ್ನೆ ಅದೇ. ಸ್ಪರ್ಧೆಗೆ ಬಂದ ಒಂದು ಚಿತ್ರ ನಿಜವಾದುದೆಂದು ತಿಳಿಯುವುದು ಹೇಗೆ? ಅದನ್ನು ತೆಗೆದವನು ತನ್ನ ಪ್ರಾಮಾಣಿಕತೆಗೆ ಏನನ್ನು ಸಾಕ್ಷಿಯಾಗಿ ಮುಂದಿಡಬೇಕು?

ಫಿಲ್ಮಿನ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು. ನೆಗೆಟಿವ್ ಎಂಬುದು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬಹುದಾದ ವಸ್ತು. ಕತ್ತಲೆಕೋಣೆಯಲ್ಲಿ ಮುದ್ರಣಕ್ಕೆ ಏನೇ ಮಾಡಿದರೂ ನೆಗೆಟಿವ್ ತನ್ನ ಪಾಡಿಗೆ ತಾನಿರುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅಂತಹ ವಸ್ತು ಮಾಯವಾಯಿತೆಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ನೆಗೆಟಿವಿನ ಸ್ಥಾನದಲ್ಲಿ ಇಂದು ಇರುವುದು 'ರಾ' ಎಂದು ಕರೆಯಲಾಗುವ ಮೂಲ ಕಡತ.

ರಾ ಎಂದರೆ ಹಸಿ. ಹೆಸರು ಅನ್ವರ್ಥವಾದುದೇ. ಕ್ಯಾಮೆರಾದೊಳಗಿನ ಸಂವೇದಕದಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಬಿಂದುಗಳಿವೆ. ಸಾಮಾನ್ಯವಾಗಿ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ. ಆ ಅಳತೆಗಳನ್ನು ಹೆಚ್ಚಾಗಿ ತಿದ್ದದೆ ಬರೆದಿಟ್ಟುದೇ ರಾ ಕಡತ. 14 ಬಿಟ್‌ಗಳ ಕಡತದಲ್ಲಿ ಬೆಳಕಿನ 16,384 ಮಟ್ಟಗಳನ್ನು ಗುರುತಿಸಬಹುದು. ನಾವು ದಿನವೂ ನೋಡುವ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮಟ್ಟಗಳು ಮಾತ್ರ. ಅಕ್ಕಿಯಿಂದ ಅನ್ನವಾಗುತ್ತದೆ, ಅನ್ನವನ್ನು ಮರಳಿ ಅಕ್ಕಿ ಮಾಡಲಾಗದು. ಹಾಗೆಯೇ ರಾ ಕಡತದಿಂದ ಜೆಪೆಗ್ ಪಡೆಯಬಹುದು, ಜೆಪೆಗ್‌ನಿಂದ ಆ ಮೂಲ ಕಡತವನ್ನು ಮರಳಿ ಪಡೆಯುವುದು ಆಗದ ಮಾತು. ಛಾಯಾಗ್ರಾಹಕರು ಬಳಸುವ ತಂತ್ರಾಂಶಗಳು ರಾ ಕಡತದ ಬೆಳಕಿನ ಅಳತೆಗಳನ್ನು ಮುಟ್ಟುವುದಿಲ್ಲ. ಮಾಡಬೇಕಾದ ಬದಲಾವಣೆಗಳನ್ನು ಬೇರೆಯಾಗಿ ಬರೆದಿಡುತ್ತವೆ. ಆದುದರಿಂದಲೇ ತೀರ್ಪುಗಾರರು ಮೂಲವನ್ನೂ ಸ್ಪರ್ಧೆಯ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾಗುತ್ತದೆ.

ಹಾಗೆ ಹೋಲಿಸಿದಾಗ ಏನಾಗುತ್ತದೆಂಬುದಕ್ಕೆ ಆಮ್‌ಸ್ಟರ್‌ಡ್ಯಾಮಿನ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಇತಿಹಾಸದಲ್ಲಿ ಎರಡು ನಿದರ್ಶನಗಳಿವೆ. 2010ರಲ್ಲಿ ಸ್ತೆಪಾನ್ ರುದಿಕ್ ಎಂಬವರ ಚಿತ್ರಮಾಲೆಗೆ ಬಂದ ಬಹುಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಮೂಲ ಕಡತದೊಡನೆ ಹೋಲಿಸಿ ನೋಡಿದಾಗ, ಹಿನ್ನೆಲೆಯಲ್ಲಿದ್ದ ಒಬ್ಬರ ಪಾದದ ಒಂದು ತುಣುಕನ್ನು ಅಳಿಸಿರುವುದು ಕಂಡುಬಂದಿತ್ತು. ತುಣುಕು ಚಿಕ್ಕದು, ನಿಯಮ ಮಾತ್ರ ಚಿಕ್ಕದಲ್ಲ.

ಎರಡನೆಯದು ಇದಕ್ಕೆ ವಿರುದ್ಧವಾದುದು. 2012ರ ನವೆಂಬರಿನಲ್ಲಿ ಗಾಜಾ ನಗರದ ಇಕ್ಕಟ್ಟಾದ ಬೀದಿಯಲ್ಲಿ ಇಬ್ಬರು ಎಳೆಯ ಮಕ್ಕಳ ಶವಗಳನ್ನು ಹೊತ್ತು ನಡೆದ ಬಂಧುಗಳ ಚಿತ್ರವನ್ನು ಸ್ವೀಡನ್ನಿನ ಪಾಲ್ ಹ್ಯಾನ್ಸೆನ್ ತೆಗೆದರು. 2013ರಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಚಿತ್ರವೆಂಬ ಗೌರವ ದೊರೆಯಿತು. ಕೆಲವೇ ತಿಂಗಳಲ್ಲಿ, ಅದು ಹಲವು ಚಿತ್ರಗಳನ್ನು ಜೋಡಿಸಿ ಮಾಡಿದ ಕೃತಕ ಚಿತ್ರವೆಂಬ ಆರೋಪ ಲೋಕದೆಲ್ಲೆಡೆ ಹಬ್ಬಿತು. ಹ್ಯಾನ್ಸೆನ್ ತಮ್ಮ ರಾ ಕಡತವನ್ನು ಪರೀಕ್ಷೆಗೆ ಒಪ್ಪಿಸಿದರು. ಸ್ವತಂತ್ರ ತಜ್ಞರು ಅದನ್ನು ಪರಿಶೀಲಿಸಿ, ಬಣ್ಣ ಮತ್ತು ಬೆಳಕನ್ನು ಹದಗೊಳಿಸಿರುವುದು ನಿಜ, ಆದರೆ ಜೋಡಣೆಯಾಗಲೀ ಸೇರ್ಪಡೆಯಾಗಲೀ ಇಲ್ಲವೆಂದು ತೀರ್ಮಾನಿಸಿದರು. ಆ ಕಡತ ಉಳಿದಿರದಿದ್ದರೆ ಒಬ್ಬ ಛಾಯಾಗ್ರಾಹಕನ ಹೆಸರು ಕೆಡುತ್ತಿತ್ತು. ಅಷ್ಟೇ ಅಲ್ಲ, ಆ ಮಕ್ಕಳ ಸಾವಿನ ಮೇಲೆಯೇ ಜನರ ಸಂಶಯ ಬೀಳುತ್ತಿತ್ತು. ಮೂಲ ಕಡತವೆಂದರೆ ಕಳ್ಳರನ್ನು ಹಿಡಿಯುವ ಉಪಾಯವೆಂದೇ ನಾವು ತಿಳಿಯುತ್ತೇವೆ. ಪ್ರಾಮಾಣಿಕರನ್ನು ಕಾಯುವುದು ಅದರ ಇನ್ನೂ ದೊಡ್ಡ ಕೆಲಸ.

ಆದರೆ ಒಂದೇ ಒಂದು ಕಡತ ಸಾಕೆ? ಸಾಲದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2017ರಲ್ಲಿ ಬ್ರೆಜಿಲಿನ ಮಾರ್ಸಿಯೊ ಕಬ್ರಾಲ್ ಅವರ ಚಿತ್ರವೊಂದು ಬಹುಮಾನ ಪಡೆಯಿತು. ರಾತ್ರಿಯಲ್ಲಿ ಮಿಣುಕುಹುಳುಗಳಂತೆ ಹೊಳೆಯುವ ಮರಿಹುಳುಗಳಿಂದ ಬೆಳಗುತ್ತಿರುವ ಗೆದ್ದಲಿನ ಹುತ್ತ. ಅದರ ಬುಡದಲ್ಲಿ ಒಂದು ದೊಡ್ಡ ಇರುವೆಬಾಕ ಪ್ರಾಣಿ. ಆ ಪ್ರಾಣಿಯು ಎಮಾಸ್ ರಾಷ್ಟ್ರೀಯ ಉದ್ಯಾನದ ದ್ವಾರದ ಬಳಿ ಪ್ರದರ್ಶನಕ್ಕಿಟ್ಟ ಹುಲ್ಲು ತುಂಬಿದ ಪ್ರಾಣಿಯಂತೆಯೇ ಇದೆಯೆಂದು ದೂರು ಬಂದಿತು. ಕಬ್ರಾಲ್ ಆರೋಪವನ್ನು ಅಲ್ಲಗಳೆದರು. ಹಿಂದೆ ಮುಂದೆ ತೆಗೆದ ಚಿತ್ರಗಳ ರಾ ಕಡತಗಳನ್ನೂ ಒದಗಿಸಿದರು. ಆದರೆ ಅವುಗಳಲ್ಲಿ ಒಂದರಲ್ಲಿಯೂ ಇರುವೆಬಾಕ ಇರಲಿಲ್ಲ. ತಜ್ಞರು ರೋಮದ ಗುರುತುಗಳನ್ನೂ ನಿಂತ ಭಂಗಿಯನ್ನೂ ಹೋಲಿಸಿದ ಮೇಲೆ 2018ರ ಏಪ್ರಿಲಿನಲ್ಲಿ ಬಹುಮಾನ ರದ್ದಾಯಿತು.

ಇದರಿಂದ ನಾವು ತಿಳಿಯಬೇಕಾದುದಿಷ್ಟು. ಕ್ಯಾಮೆರಾದ ಮುಂದೆ ಏನಿತ್ತೆಂಬುದನ್ನು ರಾ ಕಡತ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂತೆಂಬುದನ್ನು ಹೇಳುವುದಿಲ್ಲ. ಆ ಕಥೆಯನ್ನು ಹೇಳುವವು ಅಕ್ಕಪಕ್ಕದ ಚಿತ್ರಗಳು. ಹಕ್ಕಿ ಬರುವುದಕ್ಕೆ ಮುನ್ನ ತೆಗೆದ ಬರಿಯ ಕೊಂಬೆ, ರೆಕ್ಕೆ ಮಸುಕಾದ ಚಿತ್ರ, ಬಾಲ ಮಾತ್ರ ಉಳಿದ ಚಿತ್ರ, ಇವೆಲ್ಲ ನಾವು ನಾಚಿಕೆಯಿಂದ ಅಳಿಸಿಹಾಕುವಂಥವು. ಗೆದ್ದ ಚಿತ್ರದ ಸತ್ಯಕ್ಕೆ ಅವೇ ಸಾಕ್ಷಿಗಳು.

ಒಂದು ಚಿಕ್ಕ ಸ್ಪರ್ಧೆಯಲ್ಲಿ ತೀರ್ಪುಗಾರರ ನಡುವೆ ನಾನೂ ಕುಳಿತಿದ್ದಾಗ ನಡೆದ ಸಂಗತಿ ಇಲ್ಲಿ ನೆನಪಾಗುತ್ತದೆ. ಹಾವಕ್ಕಿಯೊಂದು ಮೀನನ್ನು ಮೇಲಕ್ಕೆಸೆದು ಬಾಯಿ ತೆರೆದ ಕ್ಷಣದ ಚಿತ್ರ ಬಂದಿತ್ತು. ನಾವೆಲ್ಲ ಅದನ್ನೇ ಮೊದಲನೆಯದೆಂದು ಆರಿಸಿದ್ದೆವು. ನಿಯಮದಂತೆ ಮೂಲವನ್ನು ಕೇಳಲಾಯಿತು. ತೆಗೆದ ಹುಡುಗ ಬಂದು ನಿಂತ. ಕ್ಯಾಮೆರಾ ಅವನ ಸೋದರಮಾವನದು. ಹಿಂದಿರುಗಿಸುವಾಗ ಕಾರ್ಡನ್ನು ಪೂರ್ತಿ ಅಳಿಸಿಕೊಟ್ಟಿದ್ದ. ಉಳಿದದ್ದು ಗೆಳೆಯನಿಗೆ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದ ಕುಗ್ಗಿದ ಪ್ರತಿಯೊಂದೇ. "ನಾಲ್ಕು ದಿನ ಬೆಳಗಿನ ಜಾವದಿಂದ ಕೆರೆ ಏರಿ ಮೇಲೆ ಕೂತಿದ್ದೆ ಸಾರ್" ಎಂದ. ಅವನ ಮಾತನ್ನು ನಂಬದಿರಲು ನಮಗೆ ಕಾರಣವಿರಲಿಲ್ಲ. ಆದರೆ ನಂಬಿಕೆಯನ್ನು ನಿಯಮದ ಜಾಗದಲ್ಲಿ ಕೂರಿಸಿದರೆ ಉಳಿದ ಸ್ಪರ್ಧಿಗಳಿಗೆ ಅನ್ಯಾಯವಾಗುತ್ತಿತ್ತು. ಬಹುಮಾನ ಬೇರೆ ಚಿತ್ರಕ್ಕೆ ಹೋಯಿತು. ಅವನು ವಾದಿಸಲಿಲ್ಲ, ತನ್ನ ಚಿತ್ರವನ್ನು ಗೋಡೆಯಿಂದ ತಾನೇ ಇಳಿಸಿಕೊಂಡು ಹೋದ.

ಈಗ ಪರಿಸ್ಥಿತಿ ಇನ್ನೂ ಕಠಿಣವಾಗಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಸೋನಿ ಜಾಗತಿಕ ಛಾಯಾಚಿತ್ರ ಸ್ಪರ್ಧೆಯಲ್ಲಿ ಒಂದು ವಿಭಾಗದ ಬಹುಮಾನ ಗೆದ್ದು, ತಮ್ಮ ಚಿತ್ರ ಕೃತಕ ಬುದ್ಧಿಮತ್ತೆಯಿಂದ ಆದುದೆಂದು ತಿಳಿಸಿ ಅದನ್ನು ನಿರಾಕರಿಸಿದರು. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬವರು ಇದನ್ನೇ ತಿರುವುಮುರುವಾಗಿ ಮಾಡಿದರು. ತಲೆಯಿಲ್ಲದಂತೆ ಕಾಣುವ ರಾಜಹಂಸದ ನಿಜವಾದ ಛಾಯಾಚಿತ್ರವೊಂದನ್ನು ಕೃತಕ ಚಿತ್ರಗಳ ವಿಭಾಗಕ್ಕೆ ಕಳಿಸಿದರು. ಅದಕ್ಕೂ ಬಹುಮಾನ ಬಂತು, ವಿಷಯ ತಿಳಿದ ಮೇಲೆ ರದ್ದಾಯಿತು. ಬರಿಗಣ್ಣಿನ ತೀರ್ಪು ಇನ್ನು ಸಾಲದೆಂಬುದಕ್ಕೆ ಈ ಎರಡು ಸಾಕು. ಚಿತ್ರದೊಳಗೇ ಮುದ್ರೆಯೊತ್ತುವ ಕ್ಯಾಮೆರಾಗಳು ಬಂದಿವೆ ಎನ್ನಬಹುದು. ಬಂದಿವೆ, ಉಪಯುಕ್ತವೂ ಹೌದು. ಆದರೆ ಕೆನಾನ್ ಮತ್ತು ನಿಕಾನ್ ಕಂಪನಿಗಳು ಹಿಂದೆ ರೂಪಿಸಿದ್ದ ಅಂತಹ ವ್ಯವಸ್ಥೆಗಳನ್ನು 2010 ಮತ್ತು 2011ರಲ್ಲಿ ತಜ್ಞರು ಭೇದಿಸಿ ತೋರಿಸಿದರು. ಯಂತ್ರದ ಮುದ್ರೆ ಸಾಕ್ಷಿಗೆ ಬೆಂಬಲವಾಗಬಲ್ಲದು, ಬದಲಿಯಾಗಲಾರದು.

ಹಾಗಾದರೆ ಮಾಡಬೇಕಾದುದೇನು? ಕ್ಯಾಮೆರಾ ರಾ ಕಡತವನ್ನು ಕೊಡುವುದಾದರೆ ಅದನ್ನು ತಪ್ಪದೆ ಉಳಿಸಿ. ಇಲ್ಲವಾದರೆ ಕ್ಯಾಮೆರಾದಿಂದ ಹೊರಬಿದ್ದ ಮೊದಲ ಜೆಪೆಗ್ ಅನ್ನು ತಿದ್ದದೆ ಹಾಗೆಯೇ ಇಡಿ. ತಿದ್ದುವುದೆಲ್ಲ ಅದರ ಪ್ರತಿಯಲ್ಲಿ ನಡೆಯಲಿ. ಕಡತಕ್ಕೆ ಕ್ಯಾಮೆರಾ ಕೊಟ್ಟ ಸಂಖ್ಯೆಯನ್ನು ಬದಲಾಯಿಸಬೇಡಿ. ಒಂದರ ಹಿಂದೊಂದು ಬಂದ ಅನುಕ್ರಮವೇ ಒಂದು ದಾಖಲೆ. ಆ ಹೊತ್ತಿನಲ್ಲಿ ತೆಗೆದ ಎಲ್ಲ ಚಿತ್ರಗಳನ್ನೂ, ಕೆಟ್ಟುಹೋದವನ್ನೂ ಸೇರಿಸಿ, ಒಂದೇ ಕಡೆ ಇಡಿ. ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಎರಡೂ ಕಡೆ ನಿಮ್ಮದು ಎಂದು ಹೇಳಬಲ್ಲ ಪ್ರತಿ ಇದೆಯೆಂದು ಖಚಿತವಾಗುವವರೆಗೆ ಕಾರ್ಡನ್ನು ಅಳಿಸಬೇಡಿ. ವಾಟ್ಸ್‌ಆಪ್‌ನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿಯನ್ನು ಮೂಲವೆಂದು ಎಂದೂ ಎಣಿಸಬೇಡಿ. ಅದು ಕುಗ್ಗಿರುತ್ತದೆ, ತೆಗೆದ ದಿನ, ವೇಳೆ, ಕ್ಯಾಮೆರಾದ ವಿವರಗಳನ್ನು ಕಳೆದುಕೊಂಡಿರುತ್ತದೆ.

ಕೊನೆಯದಾಗಿ ಒಂದು ಮಾತು. ಮೂಲವನ್ನು ತೋರಿಸಿ ಎಂದಾಗ ಕೆಲವರು ಮುಖ ಸಿಂಡರಿಸುತ್ತಾರೆ; ತಮ್ಮನ್ನು ಶಂಕಿಸಿದರೆಂದು ನೊಂದುಕೊಳ್ಳುತ್ತಾರೆ. ಜಮೀನು ಕೊಳ್ಳುವವನು ಮೂಲಪತ್ರ ಕೇಳಿದರೆ ಮಾರುವವನು ಅದನ್ನು ಅಪಮಾನವೆಂದು ಭಾವಿಸುವುದಿಲ್ಲ. ಪೆಟ್ಟಿಗೆ ತೆರೆದು ಪತ್ರವನ್ನು ಮುಂದಿಡುತ್ತಾನೆ. ಛಾಯಾಗ್ರಾಹಕರೂ ಅಷ್ಟೇ ಸಹಜವಾಗಿ ತಮ್ಮ ಪೆಟ್ಟಿಗೆಯನ್ನು ತೆರೆಯುವಂತಾಗಬೇಕು. ಅದಕ್ಕೆ ಮೊದಲು ಪೆಟ್ಟಿಗೆಯೊಳಗೆ ಪತ್ರವಿರಬೇಕು.