ಗಂಡಿಕೋಟದ ಬಂಡೆ, ನಮ್ಮ ಸುತ್ತಿಗೆ



ಭೂಪರಂಪರೆಯ ಸಂರಕ್ಷಣೆ ಕುರಿತ ಈ ವಿಚಾರಸಂಕಿರಣದ ಆಶಯ ಹೇಳಲು ನಾನು ಆರಿಸಿಕೊಂಡಿರುವುದು ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟದ ಕಮರಿಯನ್ನು. ಅದನ್ನು ಕೊರೆದ ಪೆನ್ನಾರ್ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ. ಗೌರಿಬಿದನೂರಿನ ಬಳಿ ಬೇಸಿಗೆಯಲ್ಲಿ ಅದರ ಪಾತ್ರ ಕಂಡವರಿಗೆ, ಈ ಹೊಳೆ ಬೆಟ್ಟ ಸೀಳಿತೆಂದರೆ ನಂಬಿಕೆ ಬರುವುದಿಲ್ಲ.

ಸೀಳಿದ್ದು ಬರಿಯ ನೀರಲ್ಲ, ಪ್ರವಾಹ ಹೊತ್ತು ತಂದ ಮರಳು ಮತ್ತು ಗುಂಡುಕಲ್ಲು. ಎರ್ರಮಲ ಬೆಟ್ಟಸಾಲಿನ ಕ್ವಾರ್ಟ್ಜೈಟ್ ಚಾಕುವಿನ ಮೊನೆಗೂ ಗೀರು ಬೀಳದ ಕಲ್ಲು. ಆದರೆ ಅದರ ಪದರಗಳ ನಡುವೆ ಮೆತ್ತನೆಯ ಶೇಲ್ ಇದೆ, ಮೇಲಿಂದ ಕೆಳಕ್ಕೆ ನೆಟ್ಟಗಿನ ಬಿರುಕುಗಳಿವೆ. ಬುಡದ ಶೇಲ್ ಸವೆದಾಗ ಆಸರೆ ತಪ್ಪಿದ ಕಲ್ಲು ಬಿರುಕಿನ ಗುಂಟವೇ ಕಳಚಿ ಬೀಳುತ್ತದೆ. ಕಮರಿಯ ಗೋಡೆಗಳು ಇಳಿಜಾರಾಗದೆ ಕಡಿದಿಟ್ಟಂತೆ ನಿಂತಿರುವುದು ಈ ಕಾರಣದಿಂದ. ಬಿದ್ದ ಬಂಡೆಗಳನ್ನು ಮುಂದಿನ ನೆರೆಗಳು ಉರುಳಿಸಿ, ಒಡೆದು, ಮತ್ತೆ ಕೊರೆಯುವ ಸಾಧನವನ್ನಾಗಿ ಮಾಡಿಕೊಂಡವು.

ಕಮರಿಯ ವಯಸ್ಸು ಬೇರೆ, ಕಲ್ಲಿನ ವಯಸ್ಸು ಬೇರೆ. ಈ ಪದರಗಳ ಕೆಳಗಿನ ತಾಡಿಪತ್ರಿ ಶಿಲೆಗಳೊಳಗೆ ನುಗ್ಗಿ ಗಟ್ಟಿಯಾದ ಶಿಲಾದ್ರವಕ್ಕೆ ಸುಮಾರು 190 ಕೋಟಿ ವರ್ಷ. ಅದರ ಮೇಲೆ ಕೂತಿರುವ ಕ್ವಾರ್ಟ್ಜೈಟ್ ಆಳವಿಲ್ಲದ ಕಡಲಿನ ಮರಳು. ಕಡಪ ಸೀಮೆಯ ಇಂಥ ಕಲ್ಲಿನ ಹಾಸುಗಳಲ್ಲಿ ಅಂದಿನ ಅಲೆಗಳ ಗುರುತು ಇಂದಿಗೂ ಕೈಗೆ ಸಿಗುತ್ತದೆ. ಮೀನು ಹುಟ್ಟಿರದ, ಒಂದು ಎಲೆಯೂ ಚಿಗುರಿರದ ಭೂಮಿಯ ಅಲೆಗಳವು. ನಾನು ಎಷ್ಟೋ ಸಲ ಮುಟ್ಟಿದ್ದೇನೆ, ಪ್ರತಿ ಸಲವೂ ಮೈ ಜುಮ್ಮೆಂದಿದೆ.

ಇನ್ನು ಆ ಗುರುತು ಹೊಸದಾಗಿ ಮೂಡುವಂತಿಲ್ಲ. ನದಿಯ ಕೊರೆಯುವ ಕೆಲಸವೂ ಕುಂಠಿತಗೊಂಡಿದೆ. ಮೇಲೊಂದು ಅಣೆಕಟ್ಟು, ಕೆಳಗೆ ಮೈಲವರಂ ಜಲಾಶಯ. ಕಮರಿಯಲ್ಲಿ ಇಂದು ನಿಂತಿರುವುದು ಬಹುಪಾಲು ಹಿನ್ನೀರು. ಒಣಸೀಮೆಯ ರೈತರಿಗೆ ಆ ನೀರು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಬಂಡೆಗೆ ಹೇಳುವ ಕೇಳುವ ದಿಕ್ಕಿಲ್ಲವಲ್ಲ ಎಂಬುದಕ್ಕೆ. ಗಂಡಿಕೋಟದಂಥ ಕೋಟೆ, ದೇಗುಲ, ಮಸೀದಿಗಳನ್ನು ಕಾಯಲು 1958ರ ಸ್ಮಾರಕ ಕಾಯ್ದೆಯಿದೆ; ಅವು ನಿಂತ ಬಂಡೆಯ ಪಾಲಿಗೆ ಅಂಥದ್ದೇನೂ ಇರಲಿಲ್ಲ. ಭೂಪರಂಪರೆ ತಾಣಗಳಿಗೆಂದೇ ಗಣಿ ಸಚಿವಾಲಯ ಕರಡು ಮಸೂದೆ ಹೊರಡಿಸಿದ್ದು 2022ರಲ್ಲಿ. ಲಾಲ್‌ಬಾಗ್ ಬಂಡೆ, ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂಬ ಹೆಸರು ಪಡೆದಿವೆ. ಹೆಸರಷ್ಟೇ ಕಾವಲಾಗದು.

ಬಂಡೆಯ ಮೇಲೆ ಬಣ್ಣದಲ್ಲಿ ಹೆಸರು ಬರೆಯುವ ಪ್ರವಾಸಿಗರನ್ನು ನಾವು ಬೈಯುತ್ತೇವೆ, ಸರಿಯೇ. ಆದರೆ ಅಲೆಗುರುತಿನ ಅತ್ಯುತ್ತಮ ತುಣುಕನ್ನೇ ಒಡೆದು ಪ್ರಯೋಗಾಲಯದ ಕಪಾಟಿಗೆ ತರುವವರು ಯಾರು? ಎಲ್ಲರ ಕಣ್ಣಿಗೆ ಬೀಳುವ ಮುಖದಲ್ಲೇ ಡ್ರಿಲ್ ಹಾಕಿ ಸಾಲು ತೂತು ಬಿಟ್ಟು ಹೋಗುವವರು ಯಾರು? ನಮ್ಮ ವೃತ್ತಿಯವರೇ. ಮಾದರಿ ಬೇಕಾದರೆ ಕಳಚಿ ಬಿದ್ದ ಕಲ್ಲಿನಿಂದ ತೆಗೆಯೋಣ. ಕೊರೆಯಲೇಬೇಕಾದರೆ ಮರೆಯ ಬದಿಯಲ್ಲಿ ಕೊರೆದು, ತೂತು ಮುಚ್ಚಿ ಬರೋಣ. ಕ್ಷೇತ್ರಕಾರ್ಯಕ್ಕೆ ಹೋಗುವ ಪ್ರತಿ ವಿದ್ಯಾರ್ಥಿಗೂ ಸುತ್ತಿಗೆ ಕೊಡುವ ರೂಢಿಯನ್ನು ಬಿಡೋಣ. ತಂಡಕ್ಕೊಂದು ಸಾಕು, ಅದೂ ಅಧ್ಯಾಪಕರ ಕೈಯಲ್ಲಿ. ಈ ಮೂರನ್ನೂ ಸಂಕಿರಣದ ಮೊದಲ ನಿರ್ಣಯವಾಗಿ ಇಂದು ಮಧ್ಯಾಹ್ನದ ಗೋಷ್ಠಿಯಲ್ಲೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.