ಮಾತ್ರೆಯ ನಡುವೆಯೂ ಮರಳುವ ಆತಂಕ



ಖಿನ್ನತೆ ನಿವಾರಕ ಮಾತ್ರೆಯಿಂದ ಕೆಲವು ತಿಂಗಳು ನೆಮ್ಮದಿಯಾಗಿದ್ದಿರಿ ಎನ್ನೋಣ. ಪರೀಕ್ಷೆ ಹತ್ತಿರವಾದಾಗ, ಮಾಗಡಿಯಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲೇ ಮತ್ತೆ ಎದೆ ಡವಗುಟ್ಟಿತು, ಅಂಗೈ ಬೆವರಿತು. ‘ಔಷಧಿ ಸೋತಿತು, ನಾನೂ ಸೋತೆ’ ಎಂದುಕೊಳ್ಳಬೇಡಿ. ನಡುದಾರಿಯಲ್ಲಿ ಇಳಿದು ಮನೆಗೆ ಮರಳಲೂ ಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ನಿಧಾನವಾಗಿ ಉಸಿರು ಬಿಡಿ. ಏರಿದ ಆತಂಕ ಇಳಿಯುತ್ತದೆ.

ಆಮೇಲೆ ಕಾರಣ ಹುಡುಕಿ. ಮಾತ್ರೆ ತಪ್ಪಿತೇ? ನಿದ್ದೆಗೆಟ್ಟು ಓದಿದಿರಾ? ಕಾಫಿ, ಟೀ ಹೆಚ್ಚಾಯಿತೇ? ಎಲ್ಲವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿ. ಪ್ರಮಾಣ ಬದಲಿಸಬೇಕೋ, ಆಪ್ತಸಮಾಲೋಚನೆ ಬೇಕೋ ಅವರು ಹೇಳುತ್ತಾರೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಇನ್ನಷ್ಟು ತಳಮಳ ಉಂಟಾಗಬಹುದು.

ಮಾತ್ರೆ ಆರಂಭಿಸಿದಾಗ ಅಥವಾ ಪ್ರಮಾಣ ಬದಲಾದಾಗ, 25 ವರ್ಷದೊಳಗಿನ ಕೆಲವರಲ್ಲಿ ಸಾಯುವ ಯೋಚನೆ ಮೂಡುವುದುಂಟು. ಅದನ್ನು ಮುಚ್ಚಿಡದೆ ಅಂದೇ ಮನೆಯವರಿಗೂ ವೈದ್ಯರಿಗೂ ತಿಳಿಸಿ. ರಾಮನಗರದ ಜಿಲ್ಲಾಸ್ಪತ್ರೆಯಲ್ಲಿ, ಚನ್ನಪಟ್ಟಣ, ಕನಕಪುರ, ಮಾಗಡಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಆತಂಕ ಮರಳಿದ್ದು ನಿಮ್ಮ ಸೋಲಲ್ಲ, ಮತ್ತೊಮ್ಮೆ ವೈದ್ಯರನ್ನು ಕಾಣಬೇಕೆಂಬ ಸೂಚನೆ, ಅಷ್ಟೆ.